ಒಂದು ಪತ್ರದ ತೂಕ

ನಾನಿನ್ನೂ ಸೇವೆಯಲ್ಲಿದ್ದಾಗಿನ ಮಾತು. ಅಮೆರಿಕದ ಒಂದು ವಿಶ್ವವಿದ್ಯಾಲಯದಿಂದ ನನಗೊಂದು ಪತ್ರ ಬಂದಿತು. ಅಲ್ಲಿ ದಕ್ಷಿಣ ಭಾರತದ ಸಾಹಿತ್ಯವನ್ನು ಬೋಧಿಸುತ್ತಿದ್ದ ತರುಣ ಅಧ್ಯಾಪಕಿಯೊಬ್ಬರು ವಚನಗಳನ್ನು ಕುರಿತು ಒಂದು ಗ್ರಂಥವನ್ನೂ ನಾಲ್ಕಾರು ಲೇಖನಗಳನ್ನೂ ಬರೆದಿದ್ದರು. ಅವನ್ನು ಓದಿ, ಅವುಗಳ ಯೋಗ್ಯತೆಯ ಬಗೆಗೆ ನಿಷ್ಪಕ್ಷಪಾತವಾದ ಅಭಿಪ್ರಾಯವನ್ನು ಗೋಪ್ಯವಾಗಿ ತಿಳಿಸಬೇಕೆಂಬುದು ಕೋರಿಕೆ. ಪಿಎಚ್.ಡಿ. ಪ್ರಬಂಧಗಳ ಮೌಲ್ಯಮಾಪನದಲ್ಲಿ ಪಳಗಿದ ಕೈ ನನ್ನದು. ಇದೂ ಅಂಥದೇ ಕೆಲಸವೆಂದು ಭಾವಿಸಿ, ಹದಿನೈದು ದಿನ ಕುಳಿತು ಓದಿ, ಮೂರು ಪುಟಗಳ ಉತ್ತರ ಬರೆದು ಕಳಿಸಿದೆ. ಒಬ್ಬರ ಜೀವನೋಪಾಯವನ್ನು ತೂಗುವ ತಕ್ಕಡಿಗೆ ನಾನೊಂದು ಕಲ್ಲು ಹಾಕುತ್ತಿದ್ದೇನೆಂಬ ಅರಿವು ಆಗ ನನಗಿರಲಿಲ್ಲ. ಆ ತಕ್ಕಡಿಯ ರಚನೆ ಎಂಥದೆಂಬುದನ್ನು ಆಮೇಲೆ ಕೇಳಿ, ಓದಿ ತಿಳಿದುಕೊಂಡೆ. ಅದನ್ನು ಇಂದು ತಮ್ಮ ಮುಂದಿಡಬೇಕೆಂದಿದ್ದೇನೆ.

ನಮ್ಮಲ್ಲಿ ಅಧ್ಯಾಪಕ ವೃತ್ತಿಗೆ ಬಾಗಿಲು ಇಕ್ಕಟ್ಟು. ಒಳಗೆ ಹೊಕ್ಕ ಮೇಲೆ ಅಂಗಳ ವಿಶಾಲ. ಯು.ಜಿ.ಸಿ.ಯ 2018ರ ನಿಯಮಾವಳಿ ಅಧ್ಯಾಪಕರಿಗೆ ಗೊತ್ತುಪಡಿಸಿದ ಪರೀಕ್ಷಾರ್ಥ ಅವಧಿ ಒಂದು ವರ್ಷ. ಕೆಲಸ ತೃಪ್ತಿಕರವಾಗಿಲ್ಲದಿದ್ದರೆ ಹೆಚ್ಚೆಂದರೆ ಇನ್ನೊಂದು ವರ್ಷ. ಅಷ್ಟು ದಾಟಿದರೆ ನಿವೃತ್ತಿಯವರೆಗೆ ನಿಶ್ಚಿಂತೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಸಹಾಯಕ ಪ್ರಾಧ್ಯಾಪಕರಾಗಿ ಸೇರಿದವರ ಪರೀಕ್ಷಾರ್ಥ ಅವಧಿ ಆರೇಳು ವರ್ಷಗಳವರೆಗೆ ಸಾಗುತ್ತದೆ. ಅದರ ಕೊನೆಗೆ ದೊರೆಯುವ ಖಾಯಂ ಸ್ಥಾನವನ್ನು ‘ಟೆನ್ಯೂರ್’ ಎನ್ನುತ್ತಾರೆ.

ಈ ಪದ್ಧತಿಯ ಬೇರು ಒಂದು ಜಗಳದಲ್ಲಿದೆ. 1900ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಡ್ವರ್ಡ್ ರಾಸ್ ಎಂಬ ಪ್ರಾಧ್ಯಾಪಕರು ಹುದ್ದೆ ಬಿಡಬೇಕಾಯಿತು. ರೈಲ್ವೆ ಉದ್ಯಮದ ಸಂಪತ್ತಿನಿಂದ ಎದ್ದ ಆ ವಿದ್ಯಾಸಂಸ್ಥೆಯ ಸಂಸ್ಥಾಪಕಿ ಜೇನ್ ಸ್ಟ್ಯಾನ್‌ಫರ್ಡ್ ಅವರಿಗೆ ರಾಸರ ಸಾರ್ವಜನಿಕ ಭಾಷಣಗಳು ಸಹನೆಯಾಗಲಿಲ್ಲ. ಏಷ್ಯಾದಿಂದ ಬರುತ್ತಿದ್ದ ಕೂಲಿಕಾರರನ್ನು ಕುರಿತು ರಾಸರು ಆಡಿದ ಮಾತಿನಲ್ಲಿ ಜನಾಂಗದ್ವೇಷವಿತ್ತು. ಅದನ್ನು ಇಂದು ನಾವು ಒಪ್ಪಲಾರೆವು. ಆದರೆ ಅಂದು ಎದ್ದ ಪ್ರಶ್ನೆ ಬೇರೆ: ಹಣ ಕೊಟ್ಟವರಿಗೆ ರುಚಿಸದ ಮಾತನಾಡಿದರೆಂಬ ಕಾರಣಕ್ಕೆ ಅಧ್ಯಾಪಕರನ್ನು ಹೊರಗೆ ಕಳಿಸಬಹುದೆ? ಅದನ್ನು ಪ್ರತಿಭಟಿಸಿ ರಾಜೀನಾಮೆ ಕೊಟ್ಟವರಲ್ಲಿ ತತ್ತ್ವಶಾಸ್ತ್ರದ ಆರ್ಥರ್ ಲವ್‌ಜಾಯ್ ಒಬ್ಬರು. ಅವರೂ ಜಾನ್ ಡ್ಯೂಯಿ ಮೊದಲಾದವರೂ ಸೇರಿ 1915ರಲ್ಲಿ ಅಮೆರಿಕದ ವಿಶ್ವವಿದ್ಯಾಲಯ ಪ್ರಾಧ್ಯಾಪಕರ ಸಂಘವನ್ನು ಕಟ್ಟಿದರು. ಆ ಸಂಘವೂ ಕಾಲೇಜುಗಳ ಒಕ್ಕೂಟವೂ ಕೂಡಿ 1940ರಲ್ಲಿ ಹೊರಡಿಸಿದ ಹೇಳಿಕೆಯೇ ಇಂದಿಗೂ ಟೆನ್ಯೂರಿಗೆ ಆಧಾರ. ಪರೀಕ್ಷಾರ್ಥ ಅವಧಿ ಏಳು ವರ್ಷಗಳನ್ನು ಮೀರಬಾರದು. ಆಮೇಲೆ ತಕ್ಕ ಕಾರಣವಿಲ್ಲದೆ, ಅಥವಾ ಸಂಸ್ಥೆ ಆರ್ಥಿಕವಾಗಿ ತೀರ ಕುಸಿಯದೆ, ಯಾರನ್ನೂ ತೆಗೆಯುವಂತಿಲ್ಲ ಎಂಬುದು ಅದರ ಸಾರ. ಎಂದರೆ ಟೆನ್ಯೂರ್ ಹುಟ್ಟಿದ್ದು ವಿದ್ವಾಂಸರ ನಾಲಗೆಗೆ ಸ್ವಾತಂತ್ರ್ಯ ಕೊಡುವುದಕ್ಕಾಗಿ. ಅವರ ಸುಖ ಎರಡನೆಯ ಮಾತು.

ಇನ್ನು ಪರೀಕ್ಷೆಯ ಕ್ರಮ. ಮೊದಲ ನೇಮಕ ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ವರ್ಷಗಳಿಗೆ. ಅದು ಮುಗಿಯುವ ಮುನ್ನ ಒಂದು ಪರಾಮರ್ಶೆ ನಡೆದು, ಕೆಲಸ ಸಮಾಧಾನಕರವಾಗಿದ್ದರೆ ಮರುನೇಮಕವಾಗುತ್ತದೆ. ಕೊರತೆಗಳಿದ್ದರೆ ಅದೇ ವೇಳೆಗೆ ಹೇಳಬೇಕು, ತಿದ್ದಿಕೊಳ್ಳಲು ಕಾಲಾವಕಾಶವಿರಬೇಕಲ್ಲವೆ? ನಿಜವಾದ ಒರೆಗಲ್ಲು ಆರನೆಯ ವರ್ಷದಲ್ಲಿ. ಆಗ ಅಧ್ಯಾಪಕರು ತಮ್ಮ ಸಂಶೋಧನೆ, ಬೋಧನೆ, ಸೇವೆ ಎಂಬ ಮೂರು ಶೀರ್ಷಿಕೆಗಳ ಕೆಳಗೆ ಒಂದು ದೊಡ್ಡ ಕಡತವನ್ನೇ ಸಿದ್ಧಪಡಿಸುತ್ತಾರೆ. ವಿಭಾಗದ ಖಾಯಂ ಪ್ರಾಧ್ಯಾಪಕರು ಅದನ್ನು ಓದಿ, ಚರ್ಚಿಸಿ, ಮತ ಹಾಕುತ್ತಾರೆ. ಅಲ್ಲಿಂದ ಕಡತ ಕಾಲೇಜು ಮಟ್ಟದ ಸಮಿತಿಗೆ, ಡೀನರಿಗೆ, ಪ್ರೊವೋಸ್ಟ್ ಎಂಬ ಮುಖ್ಯ ಶೈಕ್ಷಣಿಕ ಅಧಿಕಾರಿಗೆ, ಕೊನೆಗೆ ಅಧ್ಯಕ್ಷರಿಗೂ ಆಡಳಿತ ಮಂಡಲಿಗೂ ಹೋಗುತ್ತದೆ. ಮೆಟ್ಟಿಲುಗಳ ಸಂಖ್ಯೆ ಸಂಸ್ಥೆಯಿಂದ ಸಂಸ್ಥೆಗೆ ಹೆಚ್ಚುಕಡಿಮೆಯಾದರೂ ಕ್ರಮ ಇದೇ. ಗೆದ್ದವರಿಗೆ ಸಾಮಾನ್ಯವಾಗಿ ಖಾಯಂ ಸ್ಥಾನದೊಡನೆ ಸಹ ಪ್ರಾಧ್ಯಾಪಕರಾಗಿ ಬಡ್ತಿಯೂ ಸಿಗುತ್ತದೆ. ಸೋತವರಿಗೆ ಅದೇ ಹುದ್ದೆಯಲ್ಲಿ ಉಳಿಯುವ ದಾರಿಯಿಲ್ಲ. ಬೇರೆ ಕೆಲಸ ಹುಡುಕಿಕೊಳ್ಳಲೆಂದು ಒಂದು ವರ್ಷ ಕೊಟ್ಟು ಬೀಳ್ಕೊಡುತ್ತಾರೆ. ಮೇಲೇರಬೇಕು, ಇಲ್ಲವೆ ಹೊರನಡೆಯಬೇಕು. ಮೂವತ್ತೇಳು ಮೂವತ್ತೆಂಟರ ವಯಸ್ಸಿನಲ್ಲಿ, ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಹೊರನಡೆಯುವುದೆಂದರೆ ಏನೆಂಬುದನ್ನು ನಾನು ವಿವರಿಸಬೇಕಾಗಿಲ್ಲ.

ಆ ಕಡತದ ಬಹುಮುಖ್ಯವಾದ ಭಾಗವೇ ಹೊರಗಿನ ವಿದ್ವಾಂಸರ ಪತ್ರಗಳು. ಮೇಲಿನ ಸಮಿತಿಗಳಲ್ಲಿ ರಸಾಯನಶಾಸ್ತ್ರದವರಿರುತ್ತಾರೆ, ಅರ್ಥಶಾಸ್ತ್ರದವರಿರುತ್ತಾರೆ. ಬಸವಣ್ಣ ಅಲ್ಲಮರನ್ನು ಅವರು ಓದಿರುವುದಿಲ್ಲ. ಹೀಗಿರುವಾಗ ಪತ್ರದ ಒಂದೊಂದು ವಿಶೇಷಣವೂ ಅವರಿಗೆ ಸಾಕ್ಷ್ಯವಾಗುತ್ತದೆ. ಹೊಗಳಿಕೆಯೇ ರೂಢಿಯಾಗಿರುವ ಆ ಪತ್ರಗಳ ನಡುವೆ ಮಿತವಾದ ಮಾತು ನಿಂದೆಯಂತೆ ಕೇಳಿಸುತ್ತದೆ. ಪತ್ರಗಳು ಗೋಪ್ಯವಾದರೂ ಆ ಗೋಪ್ಯತೆಗೂ ಮಿತಿಯಿದೆ. ತಾರತಮ್ಯದ ದೂರು ಬಂದಾಗ ಇಂಥ ಕಾಗದಗಳನ್ನು ಮುಚ್ಚಿಡುವ ವಿಶೇಷ ಹಕ್ಕು ವಿಶ್ವವಿದ್ಯಾಲಯಕ್ಕಿಲ್ಲವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1990ರಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಮೊಕದ್ದಮೆಯಲ್ಲಿ ತೀರ್ಪಿತ್ತಿತು.

ಈಗ ನಾನು ಬರೆದದ್ದನ್ನು ಹೇಳುತ್ತೇನೆ. ಗ್ರಂಥ ನನಗೆ ಹಿಡಿಸಿತ್ತು. ನಮ್ಮ ಗುರುಗಳು ಕಲಿಸಿದ ರೀತಿಯಲ್ಲಿ ಮೊದಲು ಎರಡು ಪುಟ ದೋಷಗಳನ್ನು ಪಟ್ಟಿಮಾಡಿದೆ: ಇಲ್ಲಿ ಹಳೆಯ ಶಬ್ದದ ಅರ್ಥ ತಪ್ಪಿದೆ, ಅಲ್ಲಿ ಪಾಠಾಂತರವನ್ನು ಗಮನಿಸಿಲ್ಲ ಎಂದು. ನಮ್ಮಲ್ಲಿ ವಿದ್ವಾಂಸರಿಗೆ ಸಲ್ಲಿಸುವ ಗೌರವವೇ ಅದು. ಓದಲು ಅರ್ಹವಲ್ಲದ ಪುಸ್ತಕದ ತಪ್ಪುಗಳನ್ನು ಯಾರು ಹುಡುಕುತ್ತಾರೆ? ಕೊನೆಗೆ, ಮುಂದೆ ಒಳ್ಳೆಯ ವಿದುಷಿಯಾಗುವ ಎಲ್ಲ ಲಕ್ಷಣಗಳೂ ಈಕೆಯಲ್ಲಿವೆ ಎಂದು ಮುಗಿಸಿದೆ. ಅದು ನನ್ನ ಮಟ್ಟಿಗೆ ಆಶೀರ್ವಾದ. ಆದರೆ ಈ ಪದ್ಧತಿಯನ್ನು ಬಲ್ಲ ಮಿತ್ರರೊಬ್ಬರು ನನ್ನ ಪ್ರತಿಯನ್ನು ಓದಿ, ಬಹಳ ಹೊತ್ತು ಸುಮ್ಮನಿದ್ದು, “ನೀವು ಆಕೆ ಇನ್ನೂ ವಿದುಷಿಯಾಗಿಲ್ಲ ಎಂದು ಬರೆದಿದ್ದೀರಿ, ಸಾರ್” ಎಂದರು. ಅಷ್ಟು ಹೊತ್ತಿಗೆ ಎರಡು ವರ್ಷ ಕಳೆದಿತ್ತು. ಆಕೆಗೆ ಖಾಯಂ ಸ್ಥಾನ ದೊರೆಯಲಿಲ್ಲವೆಂಬ ಸುದ್ದಿ ಇನ್ನೊಂದು ವಿಚಾರಸಂಕಿರಣದಲ್ಲಿ ಕಿವಿಗೆ ಬಿತ್ತು. ನನ್ನ ಪತ್ರವೇ ಕಾರಣವೆಂದು ಹೇಳಲಾರೆ, ಅಲ್ಲವೆಂದೂ ಹೇಳಲಾರೆ.

ಹಾಗಾದರೆ ನಮ್ಮ ಪದ್ಧತಿಯೇ ಮೇಲೆಂದು ಸಮಾಧಾನಪಡೋಣವೆ? ಒಬ್ಬರ ಮರ್ಜಿಗೆ ಎಡೆಯಿರಬಾರದೆಂದು ನಾವು ಅಂಕಗಳ ಮೊರೆಹೊಕ್ಕೆವು. 2010ರ ನಿಯಮಾವಳಿಯಲ್ಲಿ ಲೇಖನಕ್ಕಿಷ್ಟು, ಪುಸ್ತಕಕ್ಕಿಷ್ಟು, ವಿಚಾರಸಂಕಿರಣಕ್ಕಿಷ್ಟು ಎಂದು ಎಲ್ಲಕ್ಕೂ ಅಂಕ ಬಂತು. 2018ರದು ಅದನ್ನು ಸರಳಗೊಳಿಸಿತು. ಪಿಎಚ್.ಡಿ. ಇದ್ದ ಸಹಾಯಕ ಪ್ರಾಧ್ಯಾಪಕರು 4, 5, 3 ವರ್ಷಗಳ ಮೂರು ಮೆಟ್ಟಿಲೇರಿ ಸಹ ಪ್ರಾಧ್ಯಾಪಕರಾಗಬೇಕು. ಇನ್ನು 3 ವರ್ಷಕ್ಕೆ ಪ್ರಾಧ್ಯಾಪಕರು. ವಿಶ್ವವಿದ್ಯಾಲಯಗಳಲ್ಲಿ ಮೊದಲಿನದಕ್ಕೆ ಏಳು, ಎರಡನೆಯದಕ್ಕೆ ಹತ್ತು ಪ್ರಕಟಣೆಗಳಿರಬೇಕು. ವಿಷಯತಜ್ಞನಾಗಿ ಇಂಥ ಸಮಿತಿಗಳಲ್ಲಿ ನಾನೂ ಕುಳಿತವನೇ. ಒಂದು ಮಧ್ಯಾಹ್ನದಲ್ಲಿ ಎಂಟು ಹತ್ತು ಜನರ ಕಡತಗಳು ಮೇಜಿನ ಮೇಲೆ ಬರುತ್ತಿದ್ದವು. ಪ್ರಕಟಣೆಗಳನ್ನು ಎಣಿಸುತ್ತಿದ್ದೆವು, ಒಂದನ್ನಾದರೂ ಪೂರ್ತಿ ಓದಿದ ನೆನಪು ನನಗಿಲ್ಲ. ಅಲ್ಲಿ ಓದಿ ಅನ್ಯಾಯವಾಗಬಹುದು. ಇಲ್ಲಿ ಓದದೆಯೇ ಬಡ್ತಿಯಾಗುತ್ತದೆ.

ಈ ಎರಡೂ ತಕ್ಕಡಿಗಳಿಂದ ಹೊರಗುಳಿದವರ ಸಂಖ್ಯೆ ಇನ್ನೂ ದೊಡ್ಡದು. ಅಮೆರಿಕದಲ್ಲಿ ಟೆನ್ಯೂರಿನ ಹಾದಿಗೇ ಸೇರದ, ತಾತ್ಕಾಲಿಕ ಕರಾರಿನ ಅಧ್ಯಾಪಕರು 1987ರಲ್ಲಿ ಶೇಕಡಾ 47ರಷ್ಟಿದ್ದರು. 2021ರ ವೇಳೆಗೆ ಶೇಕಡಾ 68ರಷ್ಟಾದರು. ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ವರ್ಷ ವರ್ಷವೂ ಹೊಸದಾಗಿ ಅರ್ಜಿ ಹಾಕುವ ಸಾವಿರಾರು ಅತಿಥಿ ಉಪನ್ಯಾಸಕರನ್ನು ತಾವು ಬಲ್ಲಿರಿ. ನನ್ನ ವಿದ್ಯಾರ್ಥಿಗಳೇ ಹಲವರು ಅವರಲ್ಲಿದ್ದಾರೆ. ಅವರು ಏನು ಬರೆದರೆಂದು ಎಣಿಸುವವರೂ ಇಲ್ಲ, ಓದುವವರೂ ಇಲ್ಲ. ಪರೀಕ್ಷೆಗೆ ಕುಳಿತು ಸೋಲುವ ಹಕ್ಕೂ ಅವರಿಗಿಲ್ಲ.

ನಿವೃತ್ತನಾದ ಮೇಲೂ ಇಂಥ ಕೋರಿಕೆಗಳು ಆಗಾಗ ಬರುತ್ತವೆ. ಈಗ ನಾನು ಬರೆಯುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: ಈ ಪತ್ರವನ್ನು ಯಾರು ಓದುತ್ತಾರೆ, ಅದರಿಂದ ಏನನ್ನು ನಿರ್ಧರಿಸುತ್ತಾರೆ? ಉತ್ತರ ಬಂದ ಮೇಲೆ ಗ್ರಂಥದ ಗುಣವನ್ನು ಮೊದಲ ಪುಟದಲ್ಲಿಯೇ, ಬಸವಣ್ಣನನ್ನು ಓದದವರಿಗೂ ತಿಳಿಯುವಂತೆ ಬರೆಯುತ್ತೇನೆ. ದೋಷಗಳ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಬರೆದು, ನಿರ್ಣಯವಾದ ಮೇಲೆ ಗ್ರಂಥಕರ್ತರಿಗೇ ನೇರವಾಗಿ ಕಳಿಸುತ್ತೇನೆ. ಆ ಅಧ್ಯಾಪಕಿಗೆ ಕಳಿಸಬೇಕಾಗಿದ್ದ ಎರಡು ಪುಟಗಳು ಇನ್ನೂ ನನ್ನ ಬಳಿಯಲ್ಲೇ ಇವೆ.

(ಬಾನುಲಿ ಭಾಷಣದ ಲಿಖಿತ ರೂಪ)