ಕತ್ತಲೆ ಬೇಡುವ ಕಡಲತೀರ

ಬೆಂಗಳೂರಿನ ಇಂದಿರಾನಗರದ ನೂರು ಅಡಿ ರಸ್ತೆಯಲ್ಲಿ ಕತ್ತಲೆ ಎಂಬುದೇ ಇಲ್ಲ ಎನ್ನಬಹುದು. ಅಂಗಡಿ, ಹೋಟೆಲು, ಮೆಟ್ರೊ ನಿಲ್ದಾಣ, ಎಲ್ಲೆಡೆಯೂ ದೀಪ. ಈ ದೀಪಗಳಿಗೆ ಬೇಕಾದ ವಿದ್ಯುತ್ತಿನ ಒಂದು ಪಾಲು ರಾಜ್ಯದ ವಿದ್ಯುಜ್ಜಾಲದ ಮೂಲಕ ಶರಾವತಿಯಿಂದ ಬರುತ್ತದೆ. ಶರಾವತಿ ವಿದ್ಯುದಾಗಾರವೊಂದರ ಸಾಮರ್ಥ್ಯವೇ 1,035 ಮೆಗಾವಾಟ್. ಅದೇ ನದಿ ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರದ ಬಳಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಆ ನದೀಮುಖದ ಮರಳ ದಂಡೆಗೆ ಪ್ರತಿವರ್ಷ ಚಳಿಗಾಲದಲ್ಲಿ ಬರುವ ಅತಿಥಿಗೆ ಮಾತ್ರ ದೀಪವೆಂದರೆ ಆಗದು. ಅದಕ್ಕೆ ಕತ್ತಲೆಯೇ ಬೇಕು.

ಈ ದಂಡೆಯ ಹೆಸರು ಕಾಸರಕೋಡು. ಕೇರಳದ ಕಾಸರಗೋಡಿಗೂ ಇದಕ್ಕೂ ಸಂಬಂಧವಿಲ್ಲ. ಹೊನ್ನಾವರ ಪಟ್ಟಣದಿಂದ ಶರಾವತಿ ಸೇತುವೆ ದಾಟಿ ದಕ್ಷಿಣಕ್ಕೆ ಬಂದರೆ ಒಂದು ಪಕ್ಕ ಕಾಂಡ್ಲಾ ಕಾಡು, ಇನ್ನೊಂದು ಪಕ್ಕ ಗಾಳಿಮರಗಳ ಸಾಲು, ಅದರಾಚೆ ಸಮುದ್ರ. ಇನ್ನೂ ಸ್ವಲ್ಪ ದಕ್ಷಿಣಕ್ಕೆ ಅಪ್ಸರಕೊಂಡದ ಗುಡ್ಡ ಮತ್ತು ಪುಟ್ಟ ಜಲಪಾತ. ಅಪ್ಸರಕೊಂಡದಿಂದ ಮುಗಳಿಯವರೆಗಿನ ತೀರ ಮತ್ತು ಅದರ ಮುಂದಿನ ಕಡಲು ಈಗ ಕರ್ನಾಟಕದ ಮೊದಲ ಸಾಗರ ವನ್ಯಜೀವಿ ಧಾಮ. ಅದರ ವಿಸ್ತೀರ್ಣದ ಬಹುಪಾಲು ನೀರೇ. ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ ‘ನೀಲಿ ಬಾವುಟ’ ಎಂಬ ಅಂತರರಾಷ್ಟ್ರೀಯ ಮಾನ್ಯತೆಯೂ ದೊರೆಯಿತು. ನೀರಿನ ಶುದ್ಧತೆ, ಸುರಕ್ಷತೆ, ಪರಿಸರ ಶಿಕ್ಷಣ ಮೊದಲಾದ 33 ಅಂಶಗಳನ್ನು ಪರೀಕ್ಷಿಸಿ ಕೊಡುವ ಮಾನ್ಯತೆ ಇದು. ಅದೇ ವರ್ಷ ಉಡುಪಿ ಜಿಲ್ಲೆಯ ಪಡುಬಿದ್ರಿಗೂ ಅದು ಸಿಕ್ಕಿತು.

ಮರಳಿನೊಳಗಿನ ತೊಟ್ಟಿಲು

ಇಲ್ಲಿಗೆ ಬರುವ ಅತಿಥಿ ಆಲಿವ್ ರಿಡ್ಲೆ ಕಡಲಾಮೆ. ಒಡಿಶಾದ ಗಹಿರ್ಮಾಥಾ, ಋಷಿಕುಲ್ಯಾ ತೀರಗಳಲ್ಲಿ ಇವು ಸಾವಿರಾರು ಸಂಖ್ಯೆಯಲ್ಲಿ ಒಟ್ಟಿಗೆ ಮೊಟ್ಟೆಯಿಡುತ್ತವೆ. ನಮ್ಮ ಕರಾವಳಿಯಲ್ಲಿ ಹಾಗಲ್ಲ. ಒಂದೊಂದೇ ಆಮೆ ರಾತ್ರಿಯ ಹೊತ್ತು ಸದ್ದಿಲ್ಲದೆ ಬರುತ್ತದೆ. ಹಿಂಗಾಲುಗಳಿಂದ ಮರಳನ್ನು ತೋಡಿ ಸುಮಾರು ನೂರು ಮೊಟ್ಟೆಗಳನ್ನಿಟ್ಟು, ಗುಂಡಿ ಮುಚ್ಚಿ, ಮತ್ತೆ ಸಮುದ್ರಕ್ಕೆ ಮರಳುತ್ತದೆ. ಮರಿಗಳನ್ನು ನೋಡಲು ಅದು ತಿರುಗಿ ಬರುವುದಿಲ್ಲ. ಕಾವು ಕೊಡುವ ಕೆಲಸ ಮರಳಿನದು.

ಮರಳಿನ ಶಾಖಕ್ಕೆ ಇನ್ನೊಂದು ಕೆಲಸವೂ ಇದೆ. ಮರಿ ಗಂಡೋ ಹೆಣ್ಣೋ ಎಂಬುದು ಮನುಷ್ಯರಲ್ಲಿ ವರ್ಣತಂತುಗಳಿಂದ ನಿರ್ಧಾರವಾಗುತ್ತದೆ. ಕಡಲಾಮೆಗಳಲ್ಲಿ ಅದನ್ನು ನಿರ್ಧರಿಸುವುದು ಗೂಡಿನ ಉಷ್ಣತೆ. ಸುಮಾರು 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಂಡು ಹೆಣ್ಣು ಎರಡೂ ಹುಟ್ಟುತ್ತವೆ. ಮರಳು ಅದಕ್ಕಿಂತ ಬಿಸಿಯಾದರೆ ಹೆಣ್ಣುಗಳು ಹೆಚ್ಚು, ತಂಪಾದರೆ ಗಂಡುಗಳು ಹೆಚ್ಚು. ಭೂಮಿ ಬಿಸಿಯಾಗುತ್ತ ಹೋದರೆ ಈ ಲೆಕ್ಕ ಎಲ್ಲಿಗೆ ಮುಟ್ಟೀತು ಎಂಬುದನ್ನು ವಿದ್ಯಾರ್ಥಿಗಳು ತಾವೇ ಊಹಿಸಬಹುದು.

ಐವತ್ತು ದಿನಗಳ ಆಸುಪಾಸಿನಲ್ಲಿ ಮರಿಗಳು ಹೊರಬರುತ್ತವೆ, ಅದೂ ಹೆಚ್ಚಾಗಿ ರಾತ್ರಿಯಲ್ಲಿ. ಹಗಲಿನ ಬಿಸಿಲಿಗೆ ಒಣಗದಂತೆ, ಕಾಗೆ ಹದ್ದುಗಳ ಕಣ್ಣಿಗೆ ಬೀಳದಂತೆ ಇದೊಂದು ರಕ್ಷಣೆ. ಸಮುದ್ರ ಯಾವ ಕಡೆ ಎಂದು ಅವಕ್ಕೆ ಹೇಳುವವರಾರು? ರಾತ್ರಿಯಲ್ಲಿ ಗಿಡಮರಗಳಿರುವ ದಡದ ಕಡೆ ಕಪ್ಪಾಗಿರುತ್ತದೆ. ತೆರೆದ ಕಡಲಿನ ದಿಗಂತ ತುಸು ಬೆಳ್ಳಗಿರುತ್ತದೆ. ಬೆಳಕಿನತ್ತ ನಡೆ ಎಂಬುದೇ ಅವುಗಳ ಹುಟ್ಟುಪಾಠ. ಕೋಟ್ಯಂತರ ವರ್ಷ ಈ ಪಾಠ ತಪ್ಪಲಿಲ್ಲ. ದಡದಲ್ಲಿ ವಿದ್ಯುದ್ದೀಪ ಉರಿಯತೊಡಗಿದ ಮೇಲೆ ತಪ್ಪತೊಡಗಿತು. ರೆಸಾರ್ಟಿನ ದೀಪವನ್ನು ಕಡಲೆಂದು ತಿಳಿದು ರಸ್ತೆಯತ್ತ ತೆವಳುವ ಮರಿ ಬೆಳಗಾಗುವುದರೊಳಗೆ ನಾಯಿಯ ಬಾಯಿಗೋ ವಾಹನದ ಚಕ್ರಕ್ಕೋ ಸಿಕ್ಕೀತು. ದಡದ ಬೆಳಕನ್ನು ಕಂಡ ತಾಯಿ ಆಮೆ ಮೊಟ್ಟೆಯಿಡದೆ ಹಿಂತಿರುಗುವುದೂ ಉಂಟು.

ನದಿಯ ಉಪ್ಪಿನ ಲೆಕ್ಕ

ನಗರದ ದೀಪ ಮತ್ತು ಈ ತೀರದ ಸಂಬಂಧ ಇಷ್ಟಕ್ಕೇ ಮುಗಿಯುವುದಿಲ್ಲ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಸಿದ್ಧವಾಯಿತು. ಅಲ್ಲಿಂದೀಚೆಗೆ ವಿದ್ಯುತ್ ಉತ್ಪಾದನೆಗಾಗಿ ಬೇಸಿಗೆಯಲ್ಲೂ ನೀರು ಕೆಳಗಿಳಿಯುತ್ತದೆ. ಹೀಗಾಗಿ ಅಳಿವೆಯ ಉಪ್ಪಿನಂಶ ಕಡಿಮೆಯಾಯಿತು. ಉಪ್ಪುನೀರನ್ನೇ ನಂಬಿದ ಚಿಪ್ಪುಜೀವಿಗಳು, ಮೀನುಗಳು ಇಳಿಮುಖವಾದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಇದನ್ನು ಉತ್ತರದಲ್ಲಿರುವ ಅಘನಾಶಿನಿಯೊಡನೆ ಹೋಲಿಸಿ ತೋರಿಸಿದ್ದಾರೆ. ದೊಡ್ಡ ಅಣೆಕಟ್ಟು ಇಲ್ಲದ ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು.

ಈ ತೀರವನ್ನು ಕಾಯುತ್ತಿರುವವರಲ್ಲಿ ಮೊದಲಿಗರು ಮೀನುಗಾರರೇ. ಟೊಂಕದ ಮರಳಿನಲ್ಲಿ ಆಮೆಯ ಹೆಜ್ಜೆ ಕಂಡಾಗ ಅರಣ್ಯ ಇಲಾಖೆಗೆ ತಿಳಿಸುವವರು ಅವರು. ಇಲಾಖೆ ಗೂಡಿನ ಸುತ್ತ ಬೇಲಿ ಕಟ್ಟುತ್ತದೆ. ಅದೇ ಮರಳಿನ ಮೇಲೆ ಅವರ ಮನೆಯ ಹೆಂಗಸರು ಮೀನು ಒಣಗಿಸಿ ಸಂಸಾರ ಸಾಗಿಸುತ್ತಾರೆ. ಟೊಂಕದಲ್ಲಿ ಖಾಸಗಿ ಬಂದರು ಕಟ್ಟುವ ಯೋಜನೆಯನ್ನು ಅವರು ವರ್ಷಗಳಿಂದ ವಿರೋಧಿಸುತ್ತ ಬಂದದ್ದು ಈ ಕಾರಣಕ್ಕೆ. ಬಂದರಿನಿಂದ ವ್ಯಾಪಾರ, ಉದ್ಯೋಗ ಬೆಳೆಯುತ್ತವೆ ಎಂಬ ವಾದವೂ ಇದೆ. ಆದರೆ ಮರಳು ಹೋದರೆ ಆಮೆ, ಒಣಮೀನು ಎರಡೂ ಹೋಗುತ್ತವೆ.

ಹೋಗುವವರು ಗಮನಿಸಿ

ಇಂದಿರಾನಗರದಿಂದ ಮೆಟ್ರೊದ ನೇರಳೆ ಮಾರ್ಗದಲ್ಲಿ ನೇರವಾಗಿ ನಗರ ರೈಲು ನಿಲ್ದಾಣ ತಲುಪಬಹುದು. ಅಲ್ಲಿಂದ ಕಾರವಾರದ ರಾತ್ರಿ ರೈಲು ಹಿಡಿದರೆ ಬೆಳಿಗ್ಗೆ ಹೊನ್ನಾವರ. ಮಳೆಗಾಲದಲ್ಲಿ ಅಲೆಗಳ ಅಬ್ಬರ ಹೆಚ್ಚು, ದಂಡೆಯ ಮರಳೂ ಕೊಚ್ಚಿಹೋಗಿರುತ್ತದೆ. ಮಳೆ ನಿಂತ ಮೇಲೆ ಶಾಂತ ಅಲೆಗಳು ಅದನ್ನು ಮೆಲ್ಲಗೆ ಮರಳಿ ತರುತ್ತವೆ. ಆದ್ದರಿಂದ ನವೆಂಬರಿನಿಂದ ಫೆಬ್ರವರಿವರೆಗೆ ಹೋಗುವುದು ಒಳ್ಳೆಯದು. ಆಮೆಗಳು ಬರುವ ಕಾಲವೂ ಅದೇ.

ಸಂಜೆಯಾದ ಮೇಲೆ ಮರಳಿನಲ್ಲಿ ಟಾರ್ಚು, ಮೊಬೈಲಿನ ಬೆಳಕು, ಬೆಂಕಿ, ಪಟಾಕಿ, ಧ್ವನಿವರ್ಧಕ ಬೇಡ. ಬೇಲಿ ಕಟ್ಟಿದ ಗೂಡಿನ ಹತ್ತಿರ ಹೋಗಬಾರದು. ಮರಿ ಕಂಡರೂ ಎತ್ತಿ ಫೋಟೊ ತೆಗೆಯಬಾರದು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿಯದು. ತಿಂಡಿ ತಿಂದ ಪ್ಲಾಸ್ಟಿಕ್ ಚೀಲವನ್ನು ಹಿಂದಕ್ಕೆ ತರಬೇಕು.

ಮಕ್ಕಳನ್ನು ಕರೆದೊಯ್ಯುವ ತಂದೆತಾಯಿಗಳು ಒಂದು ಸಂಜೆ ಅವರನ್ನು ದೀಪವಿಲ್ಲದೆ ಅರ್ಧ ಗಂಟೆ ದಂಡೆಯಲ್ಲಿ ಕೂರಿಸಲಿ. ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ ದಡ ಯಾವ ಕಡೆ, ಕಡಲು ಯಾವ ಕಡೆ ಎಂದು ಕೇಳಲಿ. ಆಮೆಯ ಮರಿಗೆ ದಾರಿ ಹೇಗೆ ತಿಳಿಯುತ್ತದೆ ಎಂಬುದು ಪಠ್ಯಪುಸ್ತಕವಿಲ್ಲದೆಯೇ ಅವರಿಗೆ ಅರ್ಥವಾಗುತ್ತದೆ.