ಶಾಲೆಯ ತಂತ್ರಜ್ಞಾನ ಕಮ್ಮಟ: ರೈತರ ಮಕ್ಕಳಿಗೆ ಏನು ಪ್ರಯೋಜನ?



ಬಡಗಿ ಕೂರಿಗೆ ಸರಿಪಡಿಸುವಾಗ, ಕಮ್ಮಾರ ಕುಲುಮೆಯಲ್ಲಿ ಗುಳ ಕಾಯಿಸುವಾಗ ಹಳ್ಳಿಯ ಮಕ್ಕಳು ಪಕ್ಕದಲ್ಲೇ ಕುಳಿತು ನೋಡಿ ಕಲಿಯುತ್ತಿದ್ದರು. ಈಗ ಹೊಲಕ್ಕೆ ಪಂಪ್‌ಸೆಟ್, ಹನಿ ನೀರಾವರಿ, ಟ್ರಾಕ್ಟರ್ ಬಂದಿವೆ. ಒಂದು ಕೆಟ್ಟರೆ ಪೇಟೆಯ ಮೆಕ್ಯಾನಿಕ್ಕಿನ ದಾರಿ ಕಾಯಬೇಕು. ಅಷ್ಟರಲ್ಲಿ ಪೈರು ಬಾಡುತ್ತದೆ. ವಿದ್ಯುತ್ತಿನ ಪಾಠದಲ್ಲಿ ಒಳ್ಳೆಯ ಅಂಕ ಪಡೆದ ನಿಮ್ಮ ಮಗ ಅಥವಾ ಮಗಳಿಗೆ ಒಂದು ತಂತಿಯನ್ನು ಸರಿಯಾಗಿ ಜೋಡಿಸಲು ಬರುತ್ತದೆಯೇ? ಓದಿಗೂ ಕೈಕೆಲಸಕ್ಕೂ ನಡುವಿನ ಈ ಅಂತರವನ್ನು ತುಂಬಲು ಶಾಲಾ ಕಮ್ಮಟಗಳು ನೆರವಾಗುತ್ತವೆ.

ಪಾಬಳ ತೋರಿದ ದಾರಿ

ಪಾಬಳ, ಮಹಾರಾಷ್ಟ್ರದ ಪುಣೆ ಜಿಲ್ಲೆಯ ಬರಪೀಡಿತ ಹಳ್ಳಿ. ಡಾ. ಎಸ್. ಎಸ್. ಕಲಬಾಗ್ 1983ರಲ್ಲಿ ಇಲ್ಲಿ ವಿಜ್ಞಾನ ಆಶ್ರಮವನ್ನು ಸ್ಥಾಪಿಸಿದರು. ಅವರು ಹಿಂದೆ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ದುಡಿದಿದ್ದ ವಿಜ್ಞಾನಿ. ಮಾಡುತ್ತಾ ಕಲಿತದ್ದು ಮರೆಯುವುದಿಲ್ಲ ಎಂಬುದು ಅವರ ನಿಲುವು. ಅವರು ರೂಪಿಸಿದ ಕ್ರಮದಲ್ಲಿ ಪ್ರೌಢಶಾಲೆಯ ಮಕ್ಕಳು ವಾರಕ್ಕೊಂದು ದಿನ ವೆಲ್ಡಿಂಗ್, ವಿದ್ಯುತ್ ಕೆಲಸ, ಕೃಷಿ, ಪಶುಪಾಲನೆ, ಆಹಾರ ಮತ್ತು ಆರೋಗ್ಯದ ಕೆಲಸಗಳನ್ನು ಕೈಯಾರೆ ಮಾಡುತ್ತಾರೆ. 2002ರಲ್ಲಿ ಇಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯ ನೆರವಿನಿಂದ ಆಧುನಿಕ ಯಂತ್ರಗಳ 'ಫ್ಯಾಬ್ ಲ್ಯಾಬ್' ಸಹ ಆರಂಭವಾಯಿತು.

ನಮ್ಮ ಶಾಲೆಗಳಲ್ಲಿ

ಕೇಂದ್ರ ಸರ್ಕಾರ 2016ರಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯನ್ನು ಆರಂಭಿಸಿತು. 6ರಿಂದ 12ನೆಯ ತರಗತಿಯ ಮಕ್ಕಳಿಗಾಗಿ ಇರುವ ಈ ಯೋಜನೆಯಡಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನ ನಿಗದಿಯಾಯಿತು. ಬೆಸುಗೆ ಕಡ್ಡಿ, ಸಂವೇದಕಗಳು, ಸಣ್ಣ ಎಲೆಕ್ಟ್ರಾನಿಕ್ ಫಲಕಗಳು, 3ಡಿ ಪ್ರಿಂಟರ್ ಮುಂತಾದವು ಈ ಲ್ಯಾಬಿನಲ್ಲಿರುತ್ತವೆ. ಮುಂದಿನ ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಲ್ಲಿ ಇಂಥ 50,000 ಲ್ಯಾಬ್‌ಗಳನ್ನು ತೆರೆಯುವುದಾಗಿ 2025ರ ಕೇಂದ್ರ ಬಜೆಟ್ಟಿನಲ್ಲಿ ಪ್ರಕಟಿಸಲಾಯಿತು. ಉಪಕರಣ ಬಂದರೆ ಸಾಲದು. ಪಾಠದ ಅವಧಿ ಮುಗಿದ ಮೇಲೂ ಕೋಣೆಯ ಬಾಗಿಲು ತೆರೆದಿರಬೇಕು. ಮಕ್ಕಳ ಮುಂದೆ ನಿಜವಾದ ಪ್ರಶ್ನೆ ಇರಬೇಕು. ಆ ಪ್ರಶ್ನೆಯನ್ನು ಕೊಡಬಲ್ಲವರು ನೀವು.

ಹೊಲದಿಂದ ಒಂದು ಪ್ರಶ್ನೆ

'ಇಂದು ನೀರು ಕಟ್ಟಬೇಕೇ, ಬೇಡವೇ?' ಇದನ್ನೇ ಮಕ್ಕಳಿಗೆ ಕೊಡಿ. ಒದ್ದೆ ಮಣ್ಣಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ಒಣ ಮಣ್ಣಿನಲ್ಲಿ ಹರಿಯುವುದಿಲ್ಲ. ಎರಡು ಲೋಹದ ಕಡ್ಡಿಗಳನ್ನು ಬೇರಿನ ಆಳಕ್ಕೆ ಊರಿ, ಬ್ಯಾಟರಿ ಮತ್ತು ಫಲಕಕ್ಕೆ ಜೋಡಿಸಿದರೆ ತೇವಮಾಪಕ ಸಿದ್ಧ. ಸದಾ ವಿದ್ಯುತ್ ಹರಿಯುತ್ತಿದ್ದರೆ ಕಡ್ಡಿ ಬೇಗ ಸವೆಯುತ್ತದೆ. ಅಳೆಯುವಾಗ ಮಾತ್ರ ಹರಿಯಬಿಡಬೇಕು.

ಆದರೆ ಮಾಪಕ ತೋರಿಸುವ ಅಂಕಿಯನ್ನು ಹಾಗೆಯೇ ನಂಬಬಾರದು. ಚೌಳು ಮಣ್ಣಿನಲ್ಲಿ ಅಥವಾ ಗೊಬ್ಬರ ಹಾಕಿದ ಕೂಡಲೇ ಅದು ಇರುವುದಕ್ಕಿಂತ ಹೆಚ್ಚು ತೇವ ತೋರಿಸಬಹುದು. ಆದ್ದರಿಂದ ಹೀಗೆ ತಾಳೆ ನೋಡಲಿ:

1. ಮಾಪಕದ ಅಂಕಿ ಬರೆದುಕೊಂಡು, ಅದೇ ಜಾಗದ ಮಣ್ಣನ್ನು ತೂಗುವುದು.

2. ಅದನ್ನು 105 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯಲ್ಲಿ 24 ಗಂಟೆ ಒಣಗಿಸಿ ಮತ್ತೆ ತೂಗುವುದು.

3. ಕಡಿಮೆಯಾದ ತೂಕವನ್ನು ಒಣ ಮಣ್ಣಿನ ತೂಕದಿಂದ ಭಾಗಿಸಿ 100ರಿಂದ ಗುಣಿಸುವುದು. 120 ಗ್ರಾಂ ಮಣ್ಣು ಒಣಗಿ 100 ಗ್ರಾಂ ಆದರೆ ತೇವಾಂಶ ಶೇಕಡ 20.

4. ಮಣ್ಣು ಬೇರೆ ಬೇರೆ ಹದದಲ್ಲಿರುವಾಗ ನಾಲ್ಕೈದು ಬಾರಿ ಹೀಗೆ ಮಾಡಿ ಪಟ್ಟಿ ಬರೆಯುವುದು.

ಇಲ್ಲಿ ನಿಮ್ಮ ಅನುಭವವೂ ಬೇಕು. ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ಧಾರಾಳವೆನಿಸುವ ಶೇಕಡ 20 ತೇವಾಂಶದಲ್ಲಿ, ಜಿಗುಟು ಎರೆಮಣ್ಣಿನ ಬೆಳೆ ಬಾಡುವ ಹಂತಕ್ಕೆ ಬಂದಿರಬಹುದು. ಯಾವ ಹದದಲ್ಲಿ ನೀರು ಕೊಡಬೇಕೆಂಬುದನ್ನು ಮಣ್ಣು ಹಿಂಡಿ ನೋಡಿ ನೀವು ಹೇಳಿ. ಆಗಿನ ಅಂಕಿಯನ್ನು ಮಕ್ಕಳು ಬರೆದುಕೊಳ್ಳಲಿ.

ಎಚ್ಚರಿಕೆ

ಮಕ್ಕಳ ಕೆಲಸವೆಲ್ಲ 5 ವೋಲ್ಟಿನ ಬ್ಯಾಟರಿಯಲ್ಲೇ ನಡೆಯಲಿ. ಮಾಪಕವನ್ನು ಪಂಪಿನ ಸ್ಟಾರ್ಟರಿಗೆ ಜೋಡಿಸುವ ಕೆಲಸ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರದು. ಮಕ್ಕಳು ಮೂರು ಫೇಸ್ ತಂತಿಯನ್ನು ಮುಟ್ಟಕೂಡದು. ಬೆಸುಗೆ ಕಡ್ಡಿಯ ತುದಿ 300 ಡಿಗ್ರಿಗೂ ಮೀರಿ ಕಾಯುತ್ತದೆ. ಕಣ್ಣಿಗೆ ಕನ್ನಡಕವಿರಲಿ, ಬೆಸುಗೆಯಲ್ಲಿ ಸೀಸವಿರಬಹುದಾದ್ದರಿಂದ ಕೈ ತೊಳೆಯದೆ ಊಟ ಬೇಡ.

ನೀವು ಮಾಡಬೇಕಾದುದು

ಶಾಲಾಭಿವೃದ್ಧಿ ಸಮಿತಿಯ ಸಭೆಗೆ ತಪ್ಪದೆ ಹೋಗಿ. ಲ್ಯಾಬ್ ಇದ್ದರೆ ಸಂಜೆ ಒಂದು ಗಂಟೆ ತೆರೆದಿಡುವಂತೆ ಮುಖ್ಯೋಪಾಧ್ಯಾಯರನ್ನು ಕೇಳಿ. ಮೇಲ್ವಿಚಾರಣೆಗೆ ಊರಿನ ಬಡಗಿಯನ್ನೋ ಪಂಪ್ ಮೆಕ್ಯಾನಿಕ್ಕನ್ನೋ ಜೊತೆಗೆ ಕರೆತನ್ನಿ. ಲ್ಯಾಬ್ ಇಲ್ಲದಿದ್ದರೂ ಕೆಟ್ಟ ಪಂಪು, ಹಳೆಯ ಸಿಂಪಡಣಾ ಯಂತ್ರವನ್ನು ಬಿಚ್ಚಿ ಜೋಡಿಸುವುದರಿಂದ ಕಲಿಕೆ ಆರಂಭಿಸಬಹುದು. ಮಣ್ಣು ಒಣಗಿಸಿ ತೂಗಲು ಸಮೀಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಮಗಳನ್ನು ಮನೆಗೆಲಸಕ್ಕೆ ನಿಲ್ಲಿಸಿಕೊಂಡು ಮಗನನ್ನು ಮಾತ್ರ ಕಳುಹಿಸಬೇಡಿ. ಹೊಲಕ್ಕೆ ನೀರು ಹಾಯಿಸುವ ಕೆಲಸ ಇಬ್ಬರಿಗೂ ಸೇರಿದ್ದು. ಈ ವಿದ್ಯೆಯೂ ಇಬ್ಬರಿಗೂ ಸೇರಲಿ.