ಅಪ್ಪ ಕುಡೀತಾನೆ ಅಂತ ಮಗುವನ್ನ ತೋರಿಸದೇ ಇರಬಹುದಾ? ಕೋರ್ಟ್ ಏನು ನೋಡುತ್ತೆ?

ಶನಿವಾರ ಸಂಜೆ. ಅಜ್ಜಿ ಮನೆ ಮುಂದೆ ಆಟೋ ನಿಲ್ಲುತ್ತೆ. ಇಳಿದ ಅಪ್ಪನ ಕೈಯಲ್ಲಿ ಮಗಳಿಗೆ ತಂದ ಬಿಸ್ಕತ್ ಪ್ಯಾಕೆಟ್, ಬಾಯಲ್ಲಿ ವಾಸನೆ. ಆರು ವರ್ಷದ ಮಗಳು ಬಾಗಿಲ ಸಂದಿಯಿಂದ ನೋಡ್ತಾಳೆ. ಕಳಿಸಬೇಕಾ, ಬೇಡವಾ? ಗಂಡ ಹೆಂಡತಿ ಬೇರೆಯಾಗಿರುವ ಎಷ್ಟೋ ಮನೆಗಳಲ್ಲಿ ವಾರ ವಾರ ಏಳುವ ಪ್ರಶ್ನೆ ಇದು.

ಊರಲ್ಲಿ ಇದಕ್ಕೆ ಎರಡು ಉತ್ತರ ಸಿಗುತ್ತೆ. ತವರಿನವರು ‘ಕುಡುಕ ಅಂತ ಸಾಬೀತು ಮಾಡಿದ್ರೆ ಮುಗೀತು, ಮುಖಾನೂ ತೋರಿಸಬೇಕಿಲ್ಲ’ ಅಂತಾರೆ. ಗಂಡನ ಕಡೆಯವರು ‘ಹೆತ್ತ ಅಪ್ಪ, ಅವನಿಗೆ ಹಕ್ಕಿಲ್ವಾ’ ಅಂತಾರೆ. ಕಾನೂನು ಇಬ್ಬರ ಮಾತನ್ನೂ ಪೂರ್ತಿ ಒಪ್ಪಲ್ಲ.

1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಆಗಲಿ, ಹಿಂದೂಗಳಿಗೆ ಅನ್ವಯಿಸುವ 1956ರ ಅಪ್ರಾಪ್ತ ವಯಸ್ಕರ ಪೋಷಕತ್ವ ಕಾಯ್ದೆ ಆಗಲಿ, ಮೊದಲು ನೋಡೋದು ಮಗುವಿನ ಹಿತ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿ ಹತ್ತಿರ ಇರಬೇಕು ಅಂತ 1956ರ ಕಾಯ್ದೆಯಲ್ಲೇ ಇದೆ. ಆದರೆ ‘ಕುಡಿಯುವವರಿಗೆ ಮಗು ಇಲ್ಲ’ ಅಂತ ಒಂದು ಸಾಲೂ ಇಲ್ಲ. ಕೋರ್ಟ್ ಕೇಳೋದು ಬೇರೆ: ಕುಡಿದಾಗ ಮಗುವಿಗೆ ಏನಾಗುತ್ತೆ? ಹೊಡೀತಾರಾ, ಬೈಕ್ ಮೇಲೆ ಕೂರಿಸಿಕೊಂಡು ಹೋಗ್ತಾರಾ, ಊಟ ಹಾಕೋದು ಮರೆತು ಮಲಗಿಬಿಡ್ತಾರಾ? ಕುಡಿಯೋದು ಅಮ್ಮನೇ ಆಗಿರಲಿ, ಗಾಂಜಾ ಅಥವಾ ಮಾತ್ರೆ ಚಟವೇ ಇರಲಿ, ಇವೇ ಪ್ರಶ್ನೆ.

ಹಾಗಾಗಿ ಆದೇಶಗಳು ‘ಕೊಡು’ ಅಥವಾ ‘ಕೊಡಬೇಡ’ ಅನ್ನೋದರ ನಡುವೆ ಎಲ್ಲೋ ನಿಲ್ಲುತ್ತವೆ. ಮಗು ಒಬ್ಬರ ಬಳಿ, ಭೇಟಿ ಇನ್ನೊಬ್ಬರಿಗೆ. ಭೇಟಿ ಕೋರ್ಟ್ ಆವರಣದ ಮಕ್ಕಳ ಕೊಠಡಿಯಲ್ಲಿ, ಹಗಲು ಹೊತ್ತು, ಒಂದೆರಡು ಗಂಟೆ. ಅಥವಾ ಅಜ್ಜಿ, ಅತ್ತೆ ಯಾರಾದರೂ ಎದುರಿಗೆ ಇರಬೇಕು ಅನ್ನೋ ಷರತ್ತು. ರಾತ್ರಿ ಉಳಿಸಿಕೊಳ್ಳುವಂತಿಲ್ಲ, ಊರು ಬಿಟ್ಟು ಕರೆದುಕೊಂಡು ಹೋಗುವಂತಿಲ್ಲ. ಕೆಲವು ತಿಂಗಳು ಸರಿಯಾಗಿ ನಡೆದರೆ ಭಾನುವಾರ ಪೂರ್ತಿ ಸಿಗಬಹುದು, ಆಮೇಲೆ ರಜೆಯ ದಿನಗಳು. ನೇರ ಭೇಟಿ ಆಗದ ಕಡೆ ವಿಡಿಯೋ ಕಾಲ್. 2020ರ ಯಶಿತಾ ಸಾಹು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಗುವಿಗೆ ಅಪ್ಪ ಅಮ್ಮ ಇಬ್ಬರ ಪ್ರೀತಿಯೂ ಸಿಗಬೇಕು, ತೀರಾ ವಿಪರೀತ ಪರಿಸ್ಥಿತಿಯಲ್ಲಿ ಮಾತ್ರ ಒಬ್ಬರ ಸಂಪರ್ಕವನ್ನ ಪೂರ್ತಿ ನಿಲ್ಲಿಸಬಹುದು, ಆಗಲೂ ಕಾರಣ ಬರೆಯಬೇಕು ಅಂದಿದೆ. ಹಾಗಂತ ಪೆಟ್ಟು ತಿಂದ ಮನೆಯವರು ಹೆದರಬೇಕಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಮ್ಯಾಜಿಸ್ಟ್ರೇಟರು ಮಗುವನ್ನ ತಾತ್ಕಾಲಿಕವಾಗಿ ತಾಯಿಗೆ ಒಪ್ಪಿಸಬಹುದು. ಭೇಟಿಯಿಂದ ಮಗುವಿಗೆ ಹಾನಿ ಅನ್ನಿಸಿದರೆ ಅದಕ್ಕೆ ಅವಕಾಶ ಕೊಡುವಂತಿಲ್ಲ.

ಇನ್ನು ಸಾಕ್ಷಿ. ಇಲ್ಲೇ ಹೆಚ್ಚಿನವರು ಎಡವೋದು. ‘ದಿನಾ ಕುಡೀತಾರೆ’ ಅಂದರೆ ಸಾಲದು. ಯಾವ ದಿನ, ಎಲ್ಲಿ, ಮಗು ಎಲ್ಲಿತ್ತು, ಏನಾಯ್ತು ಅನ್ನೋದನ್ನ ಒಂದು ನೋಟ್‌ಬುಕ್ಕಲ್ಲಿ ತಾರೀಖು ಸಮೇತ ಬರೆದಿಟ್ಟರೆ ಅದಕ್ಕೆ ತೂಕ. ಪೊಲೀಸ್ ದೂರಿನ ಪ್ರತಿ, ಆಸ್ಪತ್ರೆ ಚೀಟಿ, ಕುಡಿದು ಗಾಡಿ ಓಡಿಸಿದ ಕೇಸು, ಅಕ್ಕಪಕ್ಕದವರು, ಶಾಲೆಯ ಮೇಡಂ ಕಂಡದ್ದು, ಎಲ್ಲಾ ಲೆಕ್ಕಕ್ಕೆ ಬರುತ್ತೆ. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯಲ್ಲಿ ಸಾಕ್ಷ್ಯದ ನಿಯಮ ಸ್ವಲ್ಪ ಸಡಿಲ. ಉಪಯೋಗಕ್ಕೆ ಬರುವ ಯಾವ ದಾಖಲೆಯನ್ನಾದರೂ ಜಡ್ಜ್ ನೋಡಬಹುದು. ಆದರೆ ಕುಡಿದು ಬಿದ್ದ ವಿಡಿಯೋವನ್ನ ವಾಟ್ಸಾಪ್ ಸ್ಟೇಟಸ್‌ಗೆ ಹಾಕೋದು ಸಾಕ್ಷಿಯಲ್ಲ, ಸೇಡು. ಅದನ್ನ ನಾಳೆ ಮಗುವೂ ನೋಡುತ್ತೆ.

ವೈದ್ಯಕೀಯ ಪರೀಕ್ಷೆಗೂ ಆದೇಶ ಕೇಳಬಹುದು. ವೈವಾಹಿಕ ಪ್ರಕರಣಗಳಲ್ಲಿ ವೈದ್ಯಕೀಯ ತಪಾಸಣೆಗೆ ಆದೇಶಿಸುವ ಅಧಿಕಾರ ಕೋರ್ಟಿಗಿದೆ, ಒಪ್ಪದಿದ್ದರೆ ಅದನ್ನ ಅವರ ವಿರುದ್ಧವೇ ಪರಿಗಣಿಸಬಹುದು ಅಂತ 2003ರ ಶಾರದಾ–ಧರ್ಮಪಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಉಸಿರಿನ ಪರೀಕ್ಷೆ ಹೇಳೋದು ಆವತ್ತಿನ ಕೆಲವು ಗಂಟೆಗಳ ಕಥೆ ಮಾತ್ರ. ಡೇಟ್ ದಿನ ಸ್ವಚ್ಛವಾಗಿ ಬಂದು ನಿಲ್ಲೋದು ಯಾರಿಗೂ ಕಷ್ಟವಲ್ಲ. ತಿಂಗಳುಗಟ್ಟಲೆ ಚಿಕಿತ್ಸೆ ತಗೊಂಡ ದಾಖಲೆ ಅದಕ್ಕಿಂತ ಹೆಚ್ಚು ಮಾತಾಡುತ್ತೆ.

ಕುಡಿಯುವವರ ಕಡೆಗೂ ಒಂದು ಮಾತು. ಮಗುವನ್ನ ನೋಡಬೇಕು ಅಂತ ಬಿಡೋಕೆ ಹೊರಟರೆ ಒಳ್ಳೇದೇ. ಆದರೆ ವರ್ಷಗಟ್ಟಲೆ ಜೋರಾಗಿ ಕುಡಿದವರು ಡಾಕ್ಟರ್ ಇಲ್ಲದೆ ದಿಢೀರ್ ನಿಲ್ಲಿಸಿದರೆ ಕೈ ನಡುಕ, ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಕುತ್ತಾಗಬಹುದು. ಜಿಲ್ಲಾಸ್ಪತ್ರೆಯ ಮಾನಸಿಕ ರೋಗ ವಿಭಾಗ, ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆ ಇದೆ. ವ್ಯಸನಮುಕ್ತಿಯ ಉಚಿತ ಸಹಾಯವಾಣಿ 14446. ಚೀಟಿ, ಡಿಸ್ಚಾರ್ಜ್ ಸಮ್ಮರಿ ಜೋಪಾನವಾಗಿಡಿ. ಮತ್ತೆ ಒಮ್ಮೆ ಕುಡಿದುಬಿಟ್ಟರೆ ಮುಚ್ಚಿಡೋದಕ್ಕಿಂತ ಡಾಕ್ಟರಿಗೆ ಹೇಳಿ ಚಿಕಿತ್ಸೆ ಮುಂದುವರಿಸೋದೇ ವಾಸಿ.

ಆದೇಶ ಬಂದ ಮೇಲೂ ಕುಡಿದೇ ಬಂದರೆ? ತಾರೀಖು, ಸಮಯ ಬರೆದಿಟ್ಟು, ಎದುರಿಗಿದ್ದವರ ಹೆಸರೂ ಬರೆದು, ತಡಮಾಡದೆ ಕೋರ್ಟಿಗೆ ಅರ್ಜಿ ಹಾಕಬೇಕು. ಗಲಾಟೆ ಆದರೆ 112, ಮಗುವಿಗೆ ಅಪಾಯ ಅನ್ನಿಸಿದರೆ 1098. ಮಗುವಿನ ವಿಚಾರದ ಆದೇಶ ಕಲ್ಲಿನ ಮೇಲೆ ಕೆತ್ತಿದ್ದಲ್ಲ, ಪರಿಸ್ಥಿತಿ ಬದಲಾದರೆ ಅದನ್ನೂ ಬದಲಿಸಬಹುದು. ಆದರೆ ಕೋರ್ಟಿಗೆ ಹೇಳದೆ ಭೇಟಿಯನ್ನ ತಿಂಗಳುಗಟ್ಟಲೆ ತಾವೇ ನಿಲ್ಲಿಸಿದರೆ ಆದೇಶ ಮೀರಿದವರು ಇವರೇ ಆಗ್ತಾರೆ. ಜೀವನಾಂಶ ಕೊಟ್ಟಿಲ್ಲ ಅಂತ ಮಗುವನ್ನ ತೋರಿಸದಿರೋದು, ಮಗುವನ್ನ ತೋರಿಸಿಲ್ಲ ಅಂತ ಜೀವನಾಂಶ ನಿಲ್ಲಿಸೋದು, ಎರಡೂ ನಡೆಯಲ್ಲ.

ಊರ ಹಿರಿಯರು ಕೂತು ಸ್ಟಾಂಪ್ ಪೇಪರ್ ಮೇಲೆ ಬರೆಸಿದ ರಾಜಿಗೆ ಕೋರ್ಟ್ ಆದೇಶದ ಬಲ ಇಲ್ಲ. ಪೋಷಕತ್ವದ ಅರ್ಜಿಯನ್ನ ಮಗು ವಾಸವಿರುವ ಜಾಗದ ಕೌಟುಂಬಿಕ ನ್ಯಾಯಾಲಯದಲ್ಲಿ ಹಾಕಬೇಕು, ಅದಿಲ್ಲದ ಕಡೆ ಜಿಲ್ಲಾ ನ್ಯಾಯಾಲಯದಲ್ಲಿ. ಪೂರ್ತಿ ತೀರ್ಪು ಬರೋವರೆಗೆ ಮಧ್ಯಂತರ ಆದೇಶ ಕೊಡಿ ಅಂತ ಅದರ ಜೊತೆಗೇ ಕೇಳಬಹುದು. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ. ಕಚೇರಿ ಕೋರ್ಟ್ ಆವರಣದಲ್ಲೇ ಸಿಗುತ್ತೆ, ಸಹಾಯವಾಣಿ 15100. ಹೋಗುವಾಗ ಮಗುವಿನ ಜನನ ಪ್ರಮಾಣಪತ್ರ, ಶಾಲೆಯ ದಾಖಲೆ, ಮತ್ತೆ ಆ ನೋಟ್‌ಬುಕ್ ಜೊತೆಗಿರಲಿ.